ಬೆಂಗಳೂರಿನಲ್ಲಿ ಮಳಿಗೆ ಹಿಡಿಯುವುದು: ಟೋಕನ್ ಕೊಡುವ ಮುಂಚಿನ ಕೆಲಸ

ಬೆಂಗಳೂರಿನಲ್ಲಿ ಅಂಗಡಿ ಹಿಡಿಯಲು ಹೊರಟವರು ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ಇಲ್ಲಿ ಮಳಿಗೆ ಹಿಡಿದು, ನಡೆಸಿ, ಖಾಲಿ ಮಾಡಿದವರ ಜೊತೆ ಕೂತರೆ, ಬಾಡಿಗೆ ಜಾಸ್ತಿಯಾಗಿ ಕೆಟ್ಟೆ ಅನ್ನುವವರು ಕಡಿಮೆ. ಟ್ರೇಡ್ ಲೈಸೆನ್ಸ್ (ಉದ್ದಿಮೆ ಪರವಾನಗಿ) ಸಿಗಲಿಲ್ಲ, ಕರೆಂಟ್ ಲೋಡ್ ಸಾಲಲಿಲ್ಲ, ಅಡ್ವಾನ್ಸ್ ವಾಪಸ್ ಬರಲಿಲ್ಲ ಅನ್ನುವವರೇ ಹೆಚ್ಚು. ಈ ಮೂರರ ಬೇರೂ ಕೀ ಕೈಗೆ ಬರುವ ಮುಂಚಿನ ದಿನಗಳಲ್ಲೇ ಇರುತ್ತದೆ. ಅದಕ್ಕೇ ನಾನು ಕರಾರನ್ನು ಕೊನೆಯಿಂದ ಓದುತ್ತೇನೆ: ಮೊದಲು ಖಾಲಿ ಮಾಡುವ ಷರತ್ತು, ಆಮೇಲೆ ಬಾಡಿಗೆ.

ಬಾಡಿಗೆದಾರರನ್ನು ಕಾಯಲು ಕಾಯಿದೆ ಇದೆ ಎಂಬ ನಂಬಿಕೆ ಹಲವರಿಗಿದೆ. ಕರ್ನಾಟಕ ಬಾಡಿಗೆ ಕಾಯಿದೆ, 1999 ಇರುವುದೇನೋ ನಿಜ. ಆದರೆ ವ್ಯಾಪಾರದ ಜಾಗ 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂ. ದಾಟಿದರೂ ಇಲ್ಲ. ಈ ಎರಡು ಗೆರೆಗಳ ಒಳಗೆ ಇವತ್ತು ಉಳಿದಿರುವುದು ಹಳೇ ಪೇಟೆಯ ಕೆಲವು ಪುಟ್ಟ ಅಂಗಡಿಗಳಷ್ಟೆ. ಮಿಕ್ಕವರಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ಅದಾದರೂ ಬಾಡಿಗೆಯ ಬಹುಪಾಲು ವಿಷಯಗಳನ್ನು ಇಬ್ಬರ ಕರಾರಿಗೇ ಬಿಟ್ಟುಬಿಡುತ್ತದೆ. ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ಮಾತ್ರ ತನ್ನ ನಿಯಮ ಹೇಳುತ್ತದೆ. ಹಾಗಾಗಿ ಅಂಗಡಿಯವನ ಪಾಲಿಗೆ ಕರಾರು ಪತ್ರವೇ ಕಾಯಿದೆ. ಅದನ್ನು ಬ್ರೋಕರ್ ತಂದ ಹಳೆಯ ನಮೂನೆಯಲ್ಲಿ ಹೆಸರು ಬದಲಿಸಿ ಸಹಿ ಹಾಕುವ ಕಾಗದ ಅಂದುಕೊಂಡರೆ ಕಷ್ಟ.

ಜಾಗ ನೋಡುವಾಗ

ಟೇಪ್ ಜೇಬಲ್ಲಿರಲಿ. 600 ಚದರಡಿ ಎಂದು ಹೇಳಿದ ಜಾಗ ಒಳಗಡೆ ಅಳೆದರೆ 430 ಬರುವುದು ಇಲ್ಲಿ ವಿಶೇಷವೇನಲ್ಲ. ಗೋಡೆ, ಕಂಬ, ಮೆಟ್ಟಿಲು, ಲಿಫ್ಟಿನ ಮುಂದಿನ ಜಾಗ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿ ಸೂಪರ್ ಬಿಲ್ಟಪ್ ಲೆಕ್ಕ ಹೇಳಿರುತ್ತಾರೆ. 60,000 ರೂ. ಬಾಡಿಗೆ 600 ಚದರಡಿಗೆ ಅಂದರೆ ಅಡಿಗೆ 100. ಒಳಗಿನ 430ಕ್ಕೆ ಅಂದರೆ ಸುಮಾರು 140. ಎರಡು ಮಳಿಗೆ ಹೋಲಿಸುವಾಗ ಯಾವಾಗಲೂ ಒಳಗಿನ ಅಳತೆಯಿಂದ ಭಾಗಿಸಿ ನೋಡಬೇಕು. ಕರಾರಿನ ಷೆಡ್ಯೂಲಿನಲ್ಲೂ ಒಳಗಿನ ಅಳತೆಯನ್ನೇ ಬರೆಸಿ, ಕೈಯಲ್ಲಿ ಗೀಚಿದ್ದಾದರೂ ಸರಿ, ಒಂದು ನಕ್ಷೆ ಲಗತ್ತಿಸಬೇಕು. ಮುಂದಿನ ಮೆಟ್ಟಿಲ ಮೇಲೆ ಯಾರ ಹಕ್ಕು, ಬೋರ್ಡ್ ಎಷ್ಟು ಅಗಲ, ಎಸಿಯ ಹೊರಘಟಕ ಎಲ್ಲಿ ಕೂರಬೇಕು, ಜನರೇಟರ್ ಎಲ್ಲಿ, ಗಿರಾಕಿಗಳ ಗಾಡಿ ಎಷ್ಟು ನಿಲ್ಲುತ್ತವೆ ಎಂಬುದೆಲ್ಲ ಆ ನಕ್ಷೆಯಲ್ಲೇ ಇದ್ದರೆ ಆಮೇಲೆ ಜಗಳವಿಲ್ಲ. ಬೋರ್ಡಿಗೆ ಬೇರೆ ಬಾಡಿಗೆ ಕೇಳುವ ಮಾಲೀಕರೂ ಇದ್ದಾರೆ.

ಶಟರಿನ ಬುಡ ನೋಡಿ. ನೆಲಮಟ್ಟದಿಂದ ನಾಲ್ಕಾರು ಇಂಚು ಎತ್ತರದಲ್ಲಿ ತುಕ್ಕು ಒಂದೇ ಗೆರೆಯಾಗಿ ನಿಂತಿದ್ದರೆ ಅಲ್ಲಿಯವರೆಗೆ ಮಳೆನೀರು ಬಂದು ನಿಂತಿದೆ ಎಂದರ್ಥ. ಒಳಗೋಡೆಗೆ ಹೊಸ ಬಣ್ಣ ಬಳಿದು ಗುರುತು ಮುಚ್ಚಬಹುದು, ಶಟರಿನ ಅಡಿಪಟ್ಟಿಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆದ್ದಿದೆ, ಅಂಗಡಿಯ ನೆಲ ಕೆಳಗುಳಿದಿದೆ. ಪಕ್ಕದ ಅಂಗಡಿಯವರನ್ನು ಕೇಳಿದರೆ ಮಳೆಯ ಕತೆ, ನೀರಿನ ಟ್ಯಾಂಕರಿನ ಕತೆ, ಮಾಲೀಕರ ಕತೆ ಮೂರೂ ಒಂದೇ ಟೀಯಲ್ಲಿ ಸಿಗುತ್ತವೆ. ಹಿಂದಿನ ಬಾಡಿಗೆದಾರ ಯಾಕೆ ಬಿಟ್ಟ ಎನ್ನುವುದನ್ನೂ ಅವರಲ್ಲೇ ಕೇಳಬೇಕು, ಬ್ರೋಕರಲ್ಲಿ ಅಲ್ಲ.

ರಸ್ತೆ ಕಾಮಗಾರಿ, ಮೆಟ್ರೊ, ಮೇಲ್ಸೇತುವೆ ಇವುಗಳ ಯೋಜನೆ ಆ ರಸ್ತೆಗೆ ಇದೆಯೇ ಎಂದೂ ವಿಚಾರಿಸಬೇಕು. ಮಳಿಗೆಯ ಮುಂದೆ ತಡೆಗೋಡೆ ಬಿದ್ದರೆ ವ್ಯಾಪಾರ ವರ್ಷಗಟ್ಟಲೆ ಕುಗ್ಗುತ್ತದೆ, ಬಾಡಿಗೆ ಮಾತ್ರ ಕುಗ್ಗುವುದಿಲ್ಲ.

ಕಟ್ಟಡದ ಕಾಗದ

ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಮಾಲೀಕರಿಂದ ಐದು ಕಾಗದದ ಪ್ರತಿ ತಗೊಳ್ಳಿ: ಕ್ರಯಪತ್ರ, ಖಾತಾ, ಇತ್ತೀಚಿನ ಆಸ್ತಿ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ಬಳಸಬಹುದು ಎಂದು ಪಾಲಿಕೆ ಕೊಡುವ, ಎಲ್ಲರೂ ಒಸಿ ಎನ್ನುವ ಕಾಗದ. ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟು, ಅಡವು ತೋರಿಸುವ ಋಣಭಾರ ಪತ್ರವನ್ನು (ಇಸಿ) ನೀವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ತೆಗೆಸಬಹುದು.

ಮಂಜೂರಾದ ನಕ್ಷೆಯಲ್ಲಿ ನಿಮ್ಮ ಮಳಿಗೆ ಇರುವ ಕಡೆ ಬೆರಳಿಟ್ಟು ನೋಡಬೇಕು. ಅಲ್ಲಿ ‘ಸ್ಟಿಲ್ಟ್ ಪಾರ್ಕಿಂಗ್’ ಎಂದಿದ್ದರೆ ನೀವು ಹಿಡಿಯಹೊರಟಿರುವುದು ಗಾಡಿ ನಿಲ್ಲಿಸುವ ಜಾಗಕ್ಕೆ ಗೋಡೆ ಕಟ್ಟಿ ಶಟರ್ ಇಳಿಬಿಟ್ಟ ಅಂಗಡಿ. ಬೆಂಗಳೂರಿನ ಬಡಾವಣೆಗಳಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ, ನಡೆಯುತ್ತಲೂ ಇವೆ. ಆದರೆ ಪಾಲಿಕೆ ನೋಟಿಸು ಬಂದ ದಿನ ದಂಡ ಬೀಳುವುದು ಮಾಲೀಕರಿಗೆ, ಶಟರ್ ಎಳೆಯಬೇಕಾದದ್ದು ನೀವು. ನೆಲಮಾಳಿಗೆಯ ವಿಚಾರವೂ ಇದೇ: ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುವ ನೆಲಮಾಳಿಗೆಯಲ್ಲಿ ಟ್ಯೂಷನ್, ಜಿಮ್, ಗೋದಾಮು ಮಾಡಿ ಸಿಕ್ಕಿಬಿದ್ದವರು ಬಹಳ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನಧಿಕೃತ ಕಟ್ಟಡಗಳ ಬಗ್ಗೆ ಕೊಟ್ಟ ತೀರ್ಪಿನ ನಂತರ ಒಸಿಯ ತೂಕ ಏರಿದೆ. ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಪರವಾನಗಿ ಕೊಡಬಾರದು ಎಂದು ಅದು ನಿರ್ದೇಶನ ಕೊಟ್ಟಿತು. ಬೆಸ್ಕಾಂ ಕಚೇರಿಯಲ್ಲಿ ಈಗ ಹೊಸ ಮೀಟರ್ ಕೇಳಿದರೆ ಮೊದಲ ಪ್ರಶ್ನೆ ಒಸಿಯದ್ದೇ. ಹಳೆಯ ಮೀಟರ್ ಇರುವ ಕಟ್ಟಡದಲ್ಲಿ ಈ ಪ್ರಶ್ನೆ ಮೊದಲ ದಿನ ಬಾರದೆ ಹೋಗಬಹುದು, ಲೋಡ್ ಹೆಚ್ಚಿಸಲು ಹೋದಾಗ ಬರುತ್ತದೆ.

ವಸತಿ ವಲಯದ ಕಿರಿದಾದ ರಸ್ತೆಯೂ ಹೀಗೇ ಕೈಕೊಡುತ್ತದೆ. 40 ಅಡಿಗಿಂತ ಸಣ್ಣ ರಸ್ತೆಯ ವಸತಿ ಕಟ್ಟಡದಲ್ಲಿ ಪರವಾನಗಿ ನಿರಾಕರಿಸಿದ, ನವೀಕರಣ ತಡೆಹಿಡಿದ ಪ್ರಕರಣಗಳು ಈ ಊರಲ್ಲಿ ಸಾಕಷ್ಟಾಗಿವೆ. ಪಕ್ಕದಲ್ಲೇ ಹತ್ತು ಅಂಗಡಿ ನಡೀತಿದೆಯಲ್ಲ ಸಾರ್ ಎಂದು ಬ್ರೋಕರ್ ಹೇಳುತ್ತಾರೆ. ಆ ಹತ್ತರಲ್ಲಿ ಎಷ್ಟಕ್ಕೆ ಈ ವರ್ಷದ ಲೈಸೆನ್ಸ್ ಇದೆ ಎಂದು ಕೇಳಿ ನೋಡಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಮಳಿಗೆ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಂಡು, ಅದರ ಆರೋಗ್ಯ ವಿಭಾಗದಲ್ಲಿ ನಿಮ್ಮ ವ್ಯಾಪಾರದ ಹೆಸರು ಹೇಳಿ, ಆ ವಿಳಾಸಕ್ಕೆ ಲೈಸೆನ್ಸ್ ಸಿಗುತ್ತದೆಯೇ ಎಂದು ಮೊದಲೇ ಕೇಳುವುದು ಒಂದು ಬೆಳಗಿನ ಕೆಲಸ.

ತೆರಿಗೆ ರಸೀದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಮಾಲೀಕರು ಲೈಸೆನ್ಸಿಗೆ ಬೇಕಾದ ಒಪ್ಪಿಗೆ ಪತ್ರ, ರಸೀದಿ ಕೊಡಲು ನಾಳೆ, ನಾಡಿದ್ದು ಎಂದು ಎಳೆಯುತ್ತಾರೆ. ಕಾರಣ ಸೋಮಾರಿತನವಲ್ಲ. ಕಟ್ಟಡಕ್ಕೆ ವಸತಿ ದರದಲ್ಲಿ ತೆರಿಗೆ ಕಟ್ಟುತ್ತಿರುತ್ತಾರೆ. ಅಂಗಡಿಗೆ ಕೊಟ್ಟಿದ್ದು ದಾಖಲಾದರೆ ವಾಣಿಜ್ಯ ದರ, ಹಿಂದಿನ ವ್ಯತ್ಯಾಸ, ದಂಡ ಎಲ್ಲ ಬರುತ್ತವೆ. ರಸೀದಿಯಲ್ಲಿ ‘ವಸತಿ’ ಎಂದು ಕಂಡರೆ ಆಗಲೇ ಮಾತಾಡಿ ಮುಗಿಸಬೇಕು. ಇಲ್ಲದಿದ್ದರೆ ‘ವಾಣಿಜ್ಯ ಬಳಕೆಯಿಂದ ಹೆಚ್ಚುವ ತೆರಿಗೆಯನ್ನು ಬಾಡಿಗೆದಾರರು ಭರಿಸತಕ್ಕದ್ದು’ ಎಂಬ ಸಾಲು ಕರಾರಿನ ಹದಿನೇಳನೇ ಷರತ್ತಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ.

ಮಾಲೀಕರು ಯಾರು ಎಂಬುದು ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಖಾತಾ ತೀರಿಕೊಂಡ ತಂದೆಯ ಹೆಸರಲ್ಲಿದ್ದು, ಬಾಡಿಗೆ ಮಾತಾಡುತ್ತಿರುವವರು ದೊಡ್ಡ ಮಗ ಆಗಿದ್ದರೆ, ಉಳಿದ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಿ ಎಲ್ಲರೂ ಸಹಿ ಹಾಕಬೇಕು. ಇಲ್ಲವೇ ಅವರೆಲ್ಲ ಬರೆದುಕೊಟ್ಟ ಅಧಿಕಾರ ಪತ್ರ ಬೇಕು. ಪಾಲಿನ ದಾವೆ ನಡೆಯುತ್ತಿದ್ದರೆ ಬಾಡಿಗೆ ಯಾರಿಗೆ ಕೊಟ್ಟರೂ ತಪ್ಪೇ ಆಗಬಹುದು. ಋಣಭಾರ ಪತ್ರದಲ್ಲಿ ಹಕ್ಕುಪತ್ರ ಠೇವಣಿ ಇಟ್ಟ ನಮೂದು ಇದ್ದರೆ ಕಟ್ಟಡ ಬ್ಯಾಂಕಿಗೆ ಅಡವಾಗಿದೆ. ಅಂಥ ಕಡೆ ಬ್ಯಾಂಕಿನ ಲಿಖಿತ ಒಪ್ಪಿಗೆ ಕೇಳಿ. ಮಾಲೀಕರು ಸಾಲ ಕಟ್ಟದೆ, ಬ್ಯಾಂಕು ಕಟ್ಟಡ ವಶಕ್ಕೆ ತಗೊಂಡರೆ, ಅಡವಿನ ನಂತರ ಅದರ ಒಪ್ಪಿಗೆಯಿಲ್ಲದೆ ಬಂದ ಬಾಡಿಗೆದಾರ ಅಲ್ಲಿ ಬಹಳ ದಿನ ನಿಲ್ಲಲಾರ.

ಕರೆಂಟು

ಹೋಟೆಲ್, ಬೇಕರಿ, ಲಾಂಡ್ರಿ, ಕ್ಲಿನಿಕ್ ಹಾಕುವವರು ಇದನ್ನು ಕಾಗದದಷ್ಟೇ ಗಂಭೀರವಾಗಿ ನೋಡಬೇಕು. ಮಾಲೀಕರಿಂದ ಕರೆಂಟ್ ಬಿಲ್ ಕೇಳಿ. ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ), ದರದ ವರ್ಗ, ಮಂಜೂರಾದ ಲೋಡ್ ಮೂರೂ ಇರುತ್ತವೆ. ಅಂಗಡಿಗೆ ಇರಬೇಕಾದದ್ದು ವಾಣಿಜ್ಯ ದರದ ವರ್ಗವಾದ ಎಲ್‌ಟಿ-3. ಗೃಹಬಳಕೆಯ ಮೀಟರಿನಿಂದ ಅಂಗಡಿ ನಡೆಸಿದರೆ ವಿಜಿಲೆನ್ಸ್ ತಪಾಸಣೆಯಲ್ಲಿ ಹಿಂದಿನ ಅವಧಿಗೂ ಸೇರಿಸಿ ಬಿಲ್ ಹಾಕುತ್ತಾರೆ.

ಲೋಡ್ ಲೆಕ್ಕ ಹೀಗೆ. ಸಣ್ಣ ಕೆಫೆ ಅಂದುಕೊಳ್ಳಿ: ಒಂದೂವರೆ ಟನ್ನಿನ ಎರಡು ಎಸಿಗೆ ಸುಮಾರು 3.4 ಕಿಲೋವ್ಯಾಟ್, ಓವನ್ 3, ಕಾಫಿ ಮಷಿನ್ 3, ಡಿಸ್‌ಪ್ಲೇ ಫ್ರಿಜ್ಜು ಮತ್ತು ಫ್ರೀಜರ್ ಸೇರಿ 1.3, ಮಿಕ್ಸಿ-ಗ್ರೈಂಡರ್ 0.7, ದೀಪ-ಫ್ಯಾನು 0.6. ಒಟ್ಟು 12 ಕಿಲೋವ್ಯಾಟ್. ಬಿಲ್ಲಿನಲ್ಲಿ ಇರುವುದು 3 ಕಿಲೋವ್ಯಾಟ್, ಸಿಂಗಲ್ ಫೇಸ್. ಅಂದರೆ ತ್ರೀ ಫೇಸ್ ಬೇಕು, 9 ಕಿಲೋವ್ಯಾಟ್ ಹೆಚ್ಚುವರಿ ಮಂಜೂರಾತಿ ಬೇಕು, ಪರವಾನಗಿ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕ ಅರ್ಜಿ ಹಾಕಬೇಕು, ಠೇವಣಿ ಕಟ್ಟಬೇಕು. ಸಂಪರ್ಕ ಮಾಲೀಕರ ಹೆಸರಲ್ಲಿ ಇರುವುದರಿಂದ ಅರ್ಜಿಗೆ ಅವರ ಸಹಿ ಬೇಕೇ ಬೇಕು. ಈ ಖರ್ಚು ಯಾರದ್ದು, ಖಾಲಿ ಮಾಡುವಾಗ ಠೇವಣಿ ಯಾರಿಗೆ ಎಂದು ಕರಾರಿನಲ್ಲಿ ಬರೆಯದೆ ಹೋದರೆ ಆ ದುಡ್ಡು ಕಟ್ಟಡದ ಜೊತೆಗೇ ಉಳಿಯುತ್ತದೆ. ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಮೇಲೆ ಪ್ರತಿ ತಿಂಗಳೂ ಬರುತ್ತದೆ, ಬಾಗಿಲು ಹಾಕಿದ ತಿಂಗಳೂ. ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಲೋಡ್ ತಗೊಳ್ಳುವುದೂ ಬುದ್ಧಿವಂತಿಕೆಯಲ್ಲ.

ಒಂದೇ ಮೀಟರಿನಿಂದ ಮೂರು ಅಂಗಡಿಗೆ ಸಬ್ ಮೀಟರ್ ಹಾಕಿ, ಯೂನಿಟ್ಟಿಗೆ ತಮ್ಮದೇ ದರ ವಸೂಲಿ ಮಾಡುವ ಕಟ್ಟಡಗಳಿವೆ. ಅಲ್ಲಿ ಪಕ್ಕದವನು ಬಾಕಿ ಇಟ್ಟರೆ ನಿಮ್ಮ ಫ್ಯೂಸೂ ಹೋಗುತ್ತದೆ. ಹಳೆಯ ಬಾಕಿ ಇದೆಯೇ ಎಂದು ಆರ್‌ಆರ್ ನಂಬರ್ ಹಾಕಿ ನೋಡಿ. ಹಿಂದಿನವರ ಬಾಕಿ ತೀರುವವರೆಗೆ ಆ ಜಾಗಕ್ಕೆ ಹೊಸ ಮಂಜೂರಾತಿ ಕಷ್ಟ.

ನೀರಿನದ್ದು ಇಷ್ಟೆ: ಕಾವೇರಿ ಸಂಪರ್ಕ ಇದೆಯೋ ಬೋರ್‌ವೆಲ್ ಮಾತ್ರವೋ, ಟ್ಯಾಂಕರಿನ ಖರ್ಚು ಹೇಗೆ ಹಂಚುತ್ತಾರೋ ಕೇಳಿ. ಅಡುಗೆಯ ವ್ಯಾಪಾರವಾದರೆ ಹೊಗೆ ಕೊಳವೆ ಟೆರೇಸಿನವರೆಗೆ ಒಯ್ಯಲು ಅನುಮತಿ ಬರೆಸಿಕೊಳ್ಳಿ, ಮೇಲಿನ ಮನೆಯವರು ಮೊದಲ ತಿಂಗಳೇ ದೂರು ಕೊಡುತ್ತಾರೆ.

ದುಡ್ಡು

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಆಫೀಸ್ ಜಾಗಗಳಲ್ಲಿ ಆರಕ್ಕೂ ಮಾತಾಗುತ್ತದೆ, ಖಾಲಿ ಬಿದ್ದಿರುವ ಮಳಿಗೆಯಲ್ಲಿ ಅದಕ್ಕಿಂತ ಕೆಳಗೂ ಬರುತ್ತಾರೆ. 60,000 ಬಾಡಿಗೆಗೆ ಹತ್ತು ತಿಂಗಳು ಅಂದರೆ 6 ಲಕ್ಷ, ಬಡ್ಡಿಯಿಲ್ಲದೆ. ಆ ದುಡ್ಡನ್ನು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಗೆ ಸಾಲ ತಂದಿದ್ದರೆ ತಿಂಗಳಿಗೆ 6,000 ರೂ. ಬಡ್ಡಿ. ಅಂದರೆ ನಿಮ್ಮ ನಿಜವಾದ ಬಾಡಿಗೆ 66,000. ಅಡ್ವಾನ್ಸಿನಲ್ಲಿ ಎರಡು ತಿಂಗಳು ಇಳಿಸಲು ಒಪ್ಪದ ಮಾಲೀಕರು ಕೆಲವೊಮ್ಮೆ ಬಾಡಿಗೆಯಿಲ್ಲದ ಒಂದು ತಿಂಗಳು ಕೊಡಲು ಒಪ್ಪುತ್ತಾರೆ. ಮರಗೆಲಸ, ವೈರಿಂಗ್, ಬಣ್ಣ ಮುಗಿಯುವವರೆಗೆ 30ರಿಂದ 45 ದಿನ ಬಾಡಿಗೆ ಮಾಫಿ ಕೇಳುವುದು ತೀರಾ ಸಹಜ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಏರಿಕೆಯನ್ನು ಹೇಗೆ ಬರೆಯುತ್ತಾರೆ ಎಂಬುದರಲ್ಲೂ ದುಡ್ಡಿದೆ. ವರ್ಷಕ್ಕೆ ನೂರಕ್ಕೆ 5 ಎಂದರೆ 60,000, ಆಮೇಲೆ 63,000, ಆಮೇಲೆ 66,150. ಮೂರು ವರ್ಷಕ್ಕೆ ಕಟ್ಟುವುದು 22,69,800. ಮೂರು ವರ್ಷಕ್ಕೊಮ್ಮೆ ನೂರಕ್ಕೆ 15 ಎಂದು ಬರೆಸಿದರೆ ಮೊದಲ ಮೂರು ವರ್ಷ ಅದೇ 60,000, ಒಟ್ಟು 21,60,000. ವ್ಯತ್ಯಾಸ 1,09,800, ಅದೂ ಹೊಸ ವ್ಯಾಪಾರಕ್ಕೆ ದುಡ್ಡಿನ ಬಿಗಿ ಹೆಚ್ಚಿರುವ ವರ್ಷಗಳಲ್ಲಿ. ಬಾಡಿಗೆ ಏರಿದಾಗ ಅಡ್ವಾನ್ಸೂ ಏರುತ್ತದೆಯೇ ಎಂದು ನೋಡಿಕೊಳ್ಳಿ. ‘ಆಗಿನ ಬಾಡಿಗೆಯ ಹತ್ತರಷ್ಟು’ ಎಂದು ಬರೆದಿದ್ದರೆ ಪ್ರತಿ ಏರಿಕೆಗೂ ಮತ್ತೆ ಕೈ ಬಿಚ್ಚಬೇಕು.

ಜಿಎಸ್‌ಟಿ ವ್ಯಾಪಾರದ ಬಾಡಿಗೆಗೆ ನೂರಕ್ಕೆ 18. ಮಾಲೀಕರು ನೋಂದಾಯಿತರಾಗಿದ್ದರೆ ಬಿಲ್ಲಿನಲ್ಲಿ ಹಾಕುತ್ತಾರೆ. ಅವರು ನೋಂದಾಯಿತರಲ್ಲ, ನೀವು ನೋಂದಾಯಿತರು ಎಂದಾದರೆ 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ರಿವರ್ಸ್ ಚಾರ್ಜ್ ಮೇಲೆ ನೀವೇ ಕಟ್ಟಬೇಕು, ನಿಮಗೆ ಅರ್ಹತೆ ಇದ್ದರೆ ಇನ್‌ಪುಟ್ ಕ್ರೆಡಿಟ್ ತಗೊಳ್ಳಬಹುದು, ಅಂದರೆ ನಿಮ್ಮ ಮಾರಾಟದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ವಹಿವಾಟಿನ ಮೇಲೆ ಚಿಕ್ಕ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ವ್ಯಾಪಾರಿಗಳನ್ನು ಮಾತ್ರ ಆಮೇಲೆ ಇದರಿಂದ ಬಿಟ್ಟಿದ್ದಾರೆ. ನಮ್ಮ ಓನರಿಗೆ ಜಿಎಸ್‌ಟಿ ಇಲ್ಲ, ಆ ತಲೆನೋವಿಲ್ಲ ಎಂದುಕೊಂಡು ಕೂತವರಿಗೆ ನೋಟಿಸು ಬರುವುದು ಇಲ್ಲೇ. ಹೋಟೆಲಿನವರು ನೂರಕ್ಕೆ 5ರ ದರದಲ್ಲಿ ಬಿಲ್ ಮಾಡುವುದರಿಂದ ಅವರಿಗೆ ಕ್ರೆಡಿಟ್ ಸಿಗುವುದಿಲ್ಲ. ಅವರಿಗೆ 60,000 ಬಾಡಿಗೆಯ ಮೇಲಿನ ಈ 10,800 ಶುದ್ಧ ಖರ್ಚು, ಬಾಡಿಗೆ ಮಾತಾಡುವಾಗಲೇ ಸೇರಿಸಿಕೊಳ್ಳಬೇಕು.

ಟಿಡಿಎಸ್, ಅಂದರೆ ಬಾಡಿಗೆ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಅದನ್ನೂ ಮರೆಯಬಾರದು. ಕಂಪನಿ, ಪಾಲುದಾರಿಕೆ ಸಂಸ್ಥೆಗಳು, ದೊಡ್ಡ ವಹಿವಾಟಿನ ವ್ಯಕ್ತಿಗಳು ತಿಂಗಳ ಬಾಡಿಗೆ 50,000 ದಾಟಿದರೆ ನೂರಕ್ಕೆ 10 ಹಿಡಿಯಬೇಕು. ಮೇಲಿನ ಲೆಕ್ಕದಲ್ಲಿ 60,000ಕ್ಕೆ 10,800 ಜಿಎಸ್‌ಟಿ ಸೇರಿಸಿ, ಬಾಡಿಗೆಯ ಮೇಲೆ ಮಾತ್ರ 6,000 ಹಿಡಿದು, ಮಾಲೀಕರ ಖಾತೆಗೆ 64,800 ಹೋಗುತ್ತದೆ. ಆ ವರ್ಗಕ್ಕೆ ಸೇರದ ಸಣ್ಣ ವ್ಯಾಪಾರಿಗೆ ದರ ನೂರಕ್ಕೆ 2, ವರ್ಷಕ್ಕೊಮ್ಮೆ ಅಥವಾ ಬಾಡಿಗೆ ಮುಗಿಯುವ ತಿಂಗಳು ಹಿಡಿದರೆ ಸಾಕು. ಇದನ್ನು ಮಾಲೀಕರಿಗೆ ಮೊದಲೇ ಹೇಳಿಡಿ. ವಯಸ್ಸಾದ ಮಾಲೀಕರಿಗೆ ಮೊದಲ ತಿಂಗಳು ದುಡ್ಡು ಕಡಿಮೆ ಬಂದರೆ ನೀವು ಮೋಸ ಮಾಡಿದಿರಿ ಅನ್ನಿಸುತ್ತದೆ.

ಅರ್ಧ ಬಾಡಿಗೆ ಕ್ಯಾಶ್, ಅರ್ಧ ಚೆಕ್ ಎಂಬ ಮಾತಿಗೆ ಒಪ್ಪಬೇಡಿ. ಕ್ಯಾಶಿನ ಭಾಗಕ್ಕೆ ಖರ್ಚಿನ ಲೆಕ್ಕವೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಅಡ್ವಾನ್ಸಿನಲ್ಲಿ ಕ್ಯಾಶ್ ಕೊಟ್ಟ ಪಾಲು ಕೊನೆಗೆ ಮಾಲೀಕರ ನೆನಪಿಗೆ ಬಿಟ್ಟದ್ದು.

ಕರಾರು

ಹನ್ನೊಂದು ತಿಂಗಳ ಕರಾರು ಈ ಊರಿನ ಚಾಳಿ. ಒಂದು ವರ್ಷ ದಾಟಿದ ಬಾಡಿಗೆ ಪತ್ರ ನೋಂದಣಿ ಆಗಲೇಬೇಕು ಎಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಅದನ್ನು ತಪ್ಪಿಸಲು ಹನ್ನೊಂದು. ಸಣ್ಣ ಆಫೀಸಿಗೆ, ಮೇಜು ಕುರ್ಚಿ ಹಾಕಿ ಕೂರುವ ಕೆಲಸಕ್ಕೆ ಇದು ನಡೆಯುತ್ತದೆ. ಆದರೆ ಆರೇಳು ಲಕ್ಷ ಸುರಿದು ಇಂಟೀರಿಯರ್ ಮಾಡಿಸುವವರು ಹನ್ನೊಂದು ತಿಂಗಳ ಕಾಗದದ ಮೇಲೆ ನಿಲ್ಲಬಾರದು. ಅಂಗಡಿ ಕಚ್ಚಿಕೊಂಡು ಗಿರಾಕಿ ಬರತೊಡಗಿದ ಹೊತ್ತಿಗೆ ಅವಧಿ ಮುಗಿದಿರುತ್ತದೆ, ಹೊಸ ಬಾಡಿಗೆ ಮಾಲೀಕರು ಹೇಳಿದಷ್ಟು.

ಇನ್ನೂ ಕೆಟ್ಟದ್ದು, ಐದು ವರ್ಷ ಎಂದು ಬರೆದು ನೋಟರಿ ಮಾಡಿಸಿ, ನೋಂದಣಿ ಮಾಡಿಸದೆ ಬಿಡುವುದು. ನೋಂದಣಿಯಾಗದ ಆ ಪತ್ರದ ಐದು ವರ್ಷಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಾಯಿದೆ ಅದನ್ನು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದೇ ನೋಡುತ್ತದೆ, ಅದನ್ನು ಮುಗಿಸಲು 15 ದಿನದ ನೋಟಿಸು ಸಾಕು. ಸ್ಟಾಂಪ್ ಕಡಿಮೆ ಹಾಕಿದ ಪತ್ರದ ಕತೆಯೂ ಹೀಗೇ: ಕೋರ್ಟಿಗೆ ತಂದ ದಿನ ಕೊರತೆಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಿದ ಮೇಲೆಯೇ ಅದು ಸಾಕ್ಷ್ಯಕ್ಕೆ ಬರುವುದು. ಮುದ್ರಾಂಕ ಶುಲ್ಕಕ್ಕೆ ಬಾಡಿಗೆಯ ಜೊತೆ ಅಡ್ವಾನ್ಸೂ ಲೆಕ್ಕಕ್ಕೆ ಬರುತ್ತದೆ, ಅವಧಿ ಉದ್ದವಾದಂತೆ ದರ ಏರುತ್ತದೆ. ನೋಂದಣಿಗೆ ಕಾವೇರಿ 2.0ರಲ್ಲಿ ಕರಡು ಹಾಕಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು ಎರಡೂ ಕಡೆಯವರು ಸಾಕ್ಷಿಗಳ ಜೊತೆ ಉಪನೋಂದಣಿ ಕಚೇರಿಗೆ ಹೋಗಬೇಕು. ಈ ಖರ್ಚು ಯಾರದ್ದು ಎಂಬುದು ಮಾತಿನ ವಿಷಯ. ಅರ್ಧರ್ಧ ಎಂದರೆ ಬಹುತೇಕ ಮಾಲೀಕರು ಒಪ್ಪುತ್ತಾರೆ.

ಲಾಕ್-ಇನ್, ಅಂದರೆ ಇಷ್ಟು ಕಾಲ ಬಿಡುವಂತಿಲ್ಲ ಎಂಬ ಷರತ್ತನ್ನು ಎರಡು ಸಲ ಓದಬೇಕು. ಮೂರು ವರ್ಷ ಲಾಕ್-ಇನ್ ಎಂದು ಬರೆದು ಹದಿನಾಲ್ಕನೇ ತಿಂಗಳಿಗೆ ಬಿಟ್ಟರೆ, ಉಳಿದ 22 ತಿಂಗಳಿಗೆ 13,20,000 ರೂ. ಕೇಳಬಹುದು. ಕರಾರು ಕಾಯಿದೆಯ 74ನೇ ಕಲಮಿನಂತೆ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವಷ್ಟೇ ಎಂದು ವಾದಿಸಲು ಜಾಗವಿದೆ. ಆದರೆ ನಿಮ್ಮ 6 ಲಕ್ಷ ಆಗಲೇ ಅವರ ಕೈಯಲ್ಲಿದೆ, ದಾವೆ ಹೂಡಬೇಕಾದವರು ನೀವು. ಹಾಗಾಗಿ ಲಾಕ್-ಇನ್ ಒಂದೇ ಕಡೆಗೆ ಉದ್ದವಿರಲಿ: ಮಾಲೀಕರು ಐದು ವರ್ಷ ಬಿಡಿಸುವಂತಿಲ್ಲ, ನೀವು ಹನ್ನೆರಡು ತಿಂಗಳ ನಂತರ ಮೂರು ತಿಂಗಳ ನೋಟಿಸು ಕೊಟ್ಟು ಬಿಡಬಹುದು. ಕೇಳಲು ಪಕ್ಷಪಾತದಂತೆ ಕಂಡರೂ ಒಳಗೆ ದುಡ್ಡು ಹೂತಿಟ್ಟವರು ನೀವೇ ಎಂದು ವಿವರಿಸಿದರೆ ಒಪ್ಪುವವರಿದ್ದಾರೆ.

ಲೈಸೆನ್ಸ್ ಸಿಗದಿದ್ದರೆ, ಅಥವಾ ಕಟ್ಟಡದ ದೋಷದಿಂದ ಪಾಲಿಕೆ ಬೀಗ ಹಾಕಿದರೆ, ಲಾಕ್-ಇನ್ ತಾನಾಗಿ ಹೋಗಿ ಅಡ್ವಾನ್ಸ್ ಪೂರ್ತಿ ವಾಪಸಾಗಬೇಕು ಎಂಬ ಒಂದು ಸಾಲು ಬರೆಸಿ. ಉಳಿದೆಲ್ಲ ಷರತ್ತುಗಳಿಗಿಂತ ನನಗೆ ಇದು ಮುಖ್ಯ. ರಸ್ತೆ ಅಗೆತದಿಂದ ಬಾಗಿಲು ಮುಚ್ಚುವಂತಾದರೆ ಬಾಡಿಗೆಯಲ್ಲಿ ಇಷ್ಟು ಕಡಿತ ಎಂದೂ ಸೇರಿಸಿ. 2020ರ ಲಾಕ್‌ಡೌನಿನಲ್ಲಿ ಬಾಡಿಗೆ ಮಾಫಿ ಕೇಳಿ ಕೋರ್ಟಿಗೆ ಹೋದ ಬಾಡಿಗೆದಾರರಿಗೆ ದೆಹಲಿ ಹೈಕೋರ್ಟು ಅದೇ ಮೇ ತಿಂಗಳು ಹೇಳಿದ್ದು ಇದನ್ನೇ: ಕರಾರಿನಲ್ಲಿ ಏನಿದೆ ತೋರಿಸಿ.

ಇನ್ನುಳಿದವನ್ನು ಬೇಗ ಹೇಳುತ್ತೇನೆ. ಕಟ್ಟಡ ಮಾರಿದರೆ ಹೊಸ ಮಾಲೀಕರು ಇದೇ ಕರಾರಿಗೆ ಬದ್ಧರು, ಅಡ್ವಾನ್ಸಿನ ಹೊಣೆಯೂ ಅವರಿಗೆ ದಾಟುತ್ತದೆ ಎಂದಿರಲಿ. ಮಾಲೀಕರು ತೀರಿಕೊಂಡರೆ ವಾರಸುದಾರರಿಗೂ ಅದೇ. ನಿಮ್ಮ ಒಡೆತನದ ಅಂಗಡಿ ಮುಂದೆ ಪ್ರೈವೇಟ್ ಲಿಮಿಟೆಡ್ ಆದರೆ ಅದು ಒಳಬಾಡಿಗೆ ಎನಿಸಿಕೊಳ್ಳಬಾರದು. ದೊಡ್ಡ ರಿಪೇರಿ, ಅಂದರೆ ಸೋರುವ ತಾರಸಿ, ಒಡೆದ ಸಂಪು, ಹಳೆಯ ಮುಖ್ಯ ವೈರಿಂಗು ಮಾಲೀಕರದ್ದು. ನಲ್ಲಿ, ಸ್ವಿಚ್ಚು ನಿಮ್ಮದು. ಮಾಲ್ ಮತ್ತು ಟೆಕ್ ಪಾರ್ಕುಗಳಲ್ಲಿ ನಿರ್ವಹಣಾ ಶುಲ್ಕ ಚದರಡಿಗೆ ಬೇರೆ, ಅದಕ್ಕೂ ಜಿಎಸ್‌ಟಿ ಬೇರೆ. ಅದರ ಏರಿಕೆಗೆ ಮಿತಿ ಹಾಕಿಸದಿದ್ದರೆ ಬಾಡಿಗೆ ನಿಂತಲ್ಲೇ ನಿಂತು ಶುಲ್ಕ ಓಡುತ್ತದೆ.

ಕೀ ಬಂದ ಮೇಲಿನ ಕೆಲಸಗಳಿಗೆ ಕರಾರಿನ ಪ್ರತಿ, ಮಾಲೀಕರ ಒಪ್ಪಿಗೆ ಪತ್ರ, ತೆರಿಗೆ ರಸೀದಿ, ಕರೆಂಟ್ ಬಿಲ್ ಮತ್ತೆ ಮತ್ತೆ ಬೇಕಾಗುತ್ತವೆ: ಜಿಎಸ್‌ಟಿ ವಿಳಾಸಕ್ಕೆ, ಬ್ಯಾಂಕಿಗೆ, ಉದ್ದಿಮೆ ಪರವಾನಗಿಗೆ. ವ್ಯಾಪಾರ ಶುರುವಾದ 30 ದಿನದೊಳಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ಪರವಾನಗಿ ಮಾರ್ಚ್ 31ಕ್ಕೆ ಮುಗಿಯುವಂತಿದ್ದರೆ ಜನವರಿಯಲ್ಲಿ ತಗೊಂಡವರು ಮತ್ತೆ ಎರಡೇ ತಿಂಗಳಲ್ಲಿ ನವೀಕರಿಸಬೇಕು. ನಾಮಫಲಕದ ಮೇಲ್ಭಾಗದಲ್ಲಿ ಕನ್ನಡ, ಒಟ್ಟಾರೆ ನೂರಕ್ಕೆ 60ರಷ್ಟು ಕನ್ನಡವೇ ಇರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಮುಂಬೈ, ದೆಹಲಿಯಿಂದ ವಿನ್ಯಾಸ ತರಿಸುವ ಬ್ರ್ಯಾಂಡುಗಳು ಬೋರ್ಡನ್ನು ಎರಡು ಸಲ ಮಾಡಿಸುವುದು ನೋಡುತ್ತಿರುತ್ತೇನೆ.

ಖಾಲಿ ಮಾಡುವ ಷರತ್ತು

‘ಬಾಡಿಗೆ ಬಾಕಿ ಮತ್ತು ಹಾನಿಯನ್ನು ಕಳೆದು ಉಳಿದ ಮೊತ್ತ ಹಿಂತಿರುಗಿಸತಕ್ಕದ್ದು.’ ಬಹುತೇಕ ಕರಾರುಗಳಲ್ಲಿ ಅಡ್ವಾನ್ಸ್ ಬಗ್ಗೆ ಇರುವುದು ಈ ಒಂದೇ ಸಾಲು. ಎಷ್ಟು ದಿನದಲ್ಲಿ, ಹಾನಿ ಎಂದರೆ ಏನು, ಯಾರು ಬೆಲೆ ಕಟ್ಟುವವರು, ಯಾವುದೂ ಇಲ್ಲ. ಕೇಳಿದರೆ ಮಾಲೀಕರು, “ಯಾಕೆ, ನಮ್ಮ ಮೇಲೆ ನಂಬಿಕೆ ಇಲ್ವಾ?” ಅನ್ನುತ್ತಾರೆ. “ನಂಬಿಕೆ ಇದೆ ಅಂಕಲ್, ಬರೆದಿಟ್ಕೊಂಡ್ರೆ ಐದು ವರ್ಷ ಆದ್ಮೇಲೂ ಇಬ್ರಿಗೂ ನೆನಪಿರುತ್ತೆ” ಎಂದು ನಗುತ್ತಲೇ ಬರೆಸಬೇಕು.

ಬರೆಸಬೇಕಾದದ್ದು ಇಷ್ಟು. ಮಳಿಗೆ ಖಾಲಿ ಮಾಡಿದ ದಿನವೇ, ಹೆಚ್ಚೆಂದರೆ ಏಳು ದಿನದಲ್ಲಿ, ಅಡ್ವಾನ್ಸ್ ವಾಪಸ್. ತಡವಾದರೆ ದಿನಕ್ಕಿಷ್ಟು ಬಡ್ಡಿ, ಮತ್ತು ದುಡ್ಡು ಬರುವವರೆಗೆ ಬಾಡಿಗೆ ಕಟ್ಟದೆ ಮಳಿಗೆ ಇಟ್ಟುಕೊಳ್ಳುವ ಹಕ್ಕು. ನೋಟಿಸಿನ ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳುವುದು, ಆಗ ಬಾಕಿ ಉಳಿಯುವುದು 4,20,000 ಮಾತ್ರ, ಕೊಡಲು ಅವರಿಗೂ ಹಗುರ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಮನೆಗಳಿಂದ ಅಂಗಡಿಗೂ ಬಂದಿದೆ; ಬೋಳು ಗೋಡೆ ಕೊಟ್ಟ ಮಾಲೀಕರಿಗೆ ಬೋಳು ಗೋಡೆ ವಾಪಸ್ ಕೊಟ್ಟರೆ ಸಾಕು ಎಂದಿರಲಿ. ಎಸಿ, ಗಾಜಿನ ಬಾಗಿಲು, ಕೌಂಟರ್, ಚಿಮಣಿ, ಯುಪಿಎಸ್ ನಿಮ್ಮವು, ಬಿಚ್ಚಿಕೊಂಡು ಹೋಗಬಹುದು ಎಂದು ಒಂದೊಂದಾಗಿ ಹೆಸರಿಸಿ. ನೆಲಹಾಸು, ಫಾಲ್ಸ್ ಸೀಲಿಂಗ್ ಬಿಟ್ಟುಹೋಗುವುದಾದರೆ ಕೆಡವುವ ಖರ್ಚು ಕೇಳುವಂತಿಲ್ಲ ಎಂದೂ ಇರಲಿ.

ಕೀ ತಗೊಂಡ ದಿನ ಖಾಲಿ ಮಳಿಗೆಯ ವಿಡಿಯೊ, ಕರೆಂಟ್ ಮತ್ತು ನೀರಿನ ಮೀಟರಿನ ಓದು, ಇಬ್ಬರ ಸಹಿಯ ಒಂದು ಹಾಳೆ ಮಾಡಿಟ್ಟುಕೊಂಡಿದ್ದರೆ ಖಾಲಿ ಮಾಡುವ ದಿನ ಅದೇ ಹಾಳೆಯ ಪಕ್ಕದಲ್ಲಿ ಹೊಸ ಅಂಕಿ ಬರೆದು ಮುಗಿಸಬಹುದು. ಕೀಯನ್ನು ಸೆಕ್ಯೂರಿಟಿಯವರ ಕೈಗೋ ಪಕ್ಕದ ಅಂಗಡಿಗೋ ಕೊಟ್ಟು ಹೋಗಬೇಡಿ; ಮಾಲೀಕರಿಂದ ಸಹಿ ಮತ್ತು ದಿನಾಂಕ ಇರುವ ರಸೀದಿ ಪಡೆಯಿರಿ, ಇಲ್ಲದಿದ್ದರೆ ಬಾಡಿಗೆ ಓಡುತ್ತಲೇ ಇದೆ ಎಂದು ಅವರು ವಾದಿಸಬಹುದು. ಕೊನೆಯ ಕರೆಂಟ್ ಬಿಲ್ ನಂತರ ಬರುತ್ತದೆ ಎಂದು ದೊಡ್ಡ ಮೊತ್ತ ಹಿಡಿದಿಡುವವರಿದ್ದಾರೆ, ಅದಕ್ಕೆ ಹಿಂದಿನ ತಿಂಗಳ ಬಿಲ್ಲಿನಷ್ಟು ಸಾಕು.

ನೋಂದಾಯಿತ ಲೀಸನ್ನು ಅವಧಿಗೆ ಮುಂಚೆ ಬಿಡುವಾಗ ನಿಮ್ಮ ಕೈಯಲ್ಲೂ ಒಂದು ಬಲ ಇರುತ್ತದೆ. ಆ ಲೀಸು ಕಟ್ಟಡದ ಋಣಭಾರ ಪತ್ರದಲ್ಲಿ ನಮೂದಾಗಿರುತ್ತದೆ. ಮುಂದಿನ ಬಾಡಿಗೆದಾರನ ವಕೀಲರೋ, ಕಟ್ಟಡ ಕೊಳ್ಳುವವರೋ, ಸಾಲ ಕೊಡುವ ಬ್ಯಾಂಕೋ ಅದನ್ನು ನೋಡಿ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಲೀಸು ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಬೇಕು, ಅದಕ್ಕೆ ನಿಮ್ಮ ಸಹಿ ಬೇಕು. ಆ ಸಹಿಯನ್ನು ಮುಂಚಿತವಾಗಿ ಹಾಕಿಕೊಡಬೇಡಿ. ಬಾಕಿ ಅಡ್ವಾನ್ಸಿಗೆ ಡಿಡಿ ತಂದು, ಅದರ ನಂಬರನ್ನು ಬಿಡುಗಡೆ ಪತ್ರದಲ್ಲೇ ಬರೆಸಿ, ಉಪನೋಂದಣಿ ಕಚೇರಿಯಲ್ಲಿ ಡಿಡಿ ಕೈಗೆ ಬಂದ ಮೇಲೆ ಹೆಬ್ಬೆಟ್ಟು ಒತ್ತಿ. ಕೀಯನ್ನೂ ಅಲ್ಲೇ ಕೊಟ್ಟು, ಆ ವಾರವೇ ಜಿಎಸ್‌ಟಿ ನೋಂದಣಿಯಿಂದ ಹಳೆಯ ವಿಳಾಸ ತೆಗೆಸಿ, ಉದ್ದಿಮೆ ಪರವಾನಗಿ ರದ್ದಿಗೆ ಅರ್ಜಿ ಹಾಕಿಬಿಡಿ.